‘ಹೃದಯ’ದ ಹಕಾರವೇ ಬೇರೆ, ‘ಹಾರ್ಟ್’ನ ಹಕಾರವೇ ಬೇರೆ

ಪ್ರಶ್ನೆ: ‘ಹೃದಯ’ ಮತ್ತು ಇಂಗ್ಲಿಷಿನ ‘ಹಾರ್ಟ್’ ಒಂದೇ ಮೂಲದ ಪದಗಳು ಎಂದು ಓದಿದೆ. ಎರಡರ ಮೊದಲ ಅಕ್ಷರವೂ ‘ಹ’ ಆದ್ದರಿಂದ ನಂಬಿದೆ. ಹಾಗಿದ್ದರೆ ಮೂಲಪದವನ್ನು ‘ಕೆರ್ದ್’ ಎಂದು ಕಕಾರದಿಂದ ಬರೆಯುವುದೇಕೆ? ನಮ್ಮ ‘ಕರುಳು’ ಕೂಡ ಅಲ್ಲಿಂದಲೇ ಬಂದಿತೇ?

ಉತ್ತರ: ನೆಂಟಸ್ತಿಕೆ ನಿಜ. ಆದರೆ ನೀವು ನೆಚ್ಚಿಕೊಂಡ ಸಾಕ್ಷಿ ಸುಳ್ಳುಸಾಕ್ಷಿ.

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಮುಂತಾದವುಗಳ ಪೂರ್ವಜವಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಒಂದು ಸಾಲೂ ಬರಹದಲ್ಲಿ ಉಳಿದಿಲ್ಲ. ಅದರ ಪದಗಳನ್ನು ಮುಂದಿನ ಭಾಷೆಗಳಿಂದ ಲೆಕ್ಕಹಾಕಿ ಕಟ್ಟಬೇಕು. ಅದಕ್ಕೇ *ಕೆರ್ದ್ ಎಂದು ನಕ್ಷತ್ರ ಹಾಕಿ ಬರೆಯುವುದು. ಗ್ರೀಕಿನಲ್ಲಿ ಕಾರ್ದಿಯಾ, ಇಂದಿನ ಟರ್ಕಿಯಲ್ಲಿದ್ದ ಪ್ರಾಚೀನ ಹಿಟ್ಟೈಟ್ ಜನರ ಜೇಡಿಹಲಗೆಗಳಲ್ಲಿ ಕೆರ್, ಲ್ಯಾಟಿನ್ನಿನಲ್ಲೂ ಕಕಾರವೇ. ಲಿಥುವೇನಿಯನ್ನಿನಲ್ಲಿ ಮಾತ್ರ ಶಿರ್ದಿಸ್, ಅರ್ಮೇನಿಯನ್ನಿನಲ್ಲಿ ಸಿರ್ತ್. ಇದು ಗೊಂದಲವಲ್ಲ, ಕಟ್ಟುನಿಟ್ಟಾದ ನಿಯಮ. ‘ನೂರು’ ಎಂಬ ಪದವನ್ನು ನೋಡಿ: ಲ್ಯಾಟಿನ್ನಿನ ಕೆಂಟುಮ್ ಲಿಥುವೇನಿಯನ್ನಿನಲ್ಲಿ ಶಿಮ್ತಾಸ್, ಸಂಸ್ಕೃತದಲ್ಲಿ ಶತ, ಇಂಗ್ಲಿಷಿನಲ್ಲಿ ಹಂಡ್ರೆಡ್. ಇಂಗ್ಲಿಷ್, ಜರ್ಮನ್ ಮುಂತಾದವುಗಳಲ್ಲಿ ಹಳೆಯ ಕಕಾರ ಹಕಾರವಾಗುತ್ತದೆ ಎಂಬುದನ್ನು ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲೇ ನಿಯಮವಾಗಿ ಮುಂದಿಟ್ಟಿದ್ದ. ಹಾರ್ಟ್ ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ದಾರಿ ತಪ್ಪಿದ್ದು ನಮ್ಮ ಹೃದಯವೇ! ಶತದ ಲೆಕ್ಕದಲ್ಲಿ ಸಂಸ್ಕೃತದಲ್ಲಿ ‘ಶೃದ್’ ಇರಬೇಕಿತ್ತು. ಇರುವುದು ‘ಹೃದ್’. ಸಂಸ್ಕೃತದ ಹಕಾರ ಬರುವುದು ಮಹಾಪ್ರಾಣ ಘಕಾರದಂಥ ಬೇರೆಯೇ ಧ್ವನಿಯಿಂದ. ಅದು ಇಂಗ್ಲಿಷಿನಲ್ಲಿ ಗಕಾರವಾಗುತ್ತದೆ. ನಮ್ಮ ಹಂಸ ಅಲ್ಲಿ ಗೂಸ್ ಆಗಿರುವುದು ಹಾಗೆ. ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದಲ್ಲೂ ಇದೇ ಅಪವಾದ: ಅಲ್ಲಿ ಹೃದಯಕ್ಕೆ ‘ಜೆರೆದ್’. ಪಾರಸಿಯ ‘ದಿಲ್’ ಅದರ ನೆಂಟ. ಎಂದರೆ ಭಾರತೀಯ ಮತ್ತು ಇರಾನಿ ಶಾಖೆಗಳು ಬೇರೆಯಾಗುವ ಮೊದಲೇ ಈ ಧ್ವನಿ ಪಲ್ಲಟವಾಗಿತ್ತು. ಬೇರೊಂದು ಪದದ ಸೋಂಕಿನಿಂದ ಹೀಗಾಯಿತು ಎನ್ನುವವರಿದ್ದಾರೆ. ಯಾವ ಪದ ಎಂಬಲ್ಲಿ ಒಮ್ಮತವಿಲ್ಲ.

ಆ ಕಳೆದುಹೋದ ಶಕಾರದ ರೂಪ ಇನ್ನೊಂದು ಪದದೊಳಗೆ ಅಡಗಿ ಕೂತಿದೆ ಎಂದು ಬಹುತೇಕ ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅದು ‘ಶ್ರದ್ಧೆ’. ಶ್ರತ್ ಎಂದರೆ ಹೃದಯ, ಧಾ ಎಂದರೆ ಇಡು. ಲ್ಯಾಟಿನ್ನಿನ ‘ಕ್ರೇದೋ’, ಅಂದರೆ ‘ನಂಬುತ್ತೇನೆ’, ಇದರ ಜೋಡಿ. ನಿಮ್ಮ ಕ್ರೆಡಿಟ್ ಕಾರ್ಡಿನ ಹೆಸರೂ ಅಲ್ಲಿಯದೇ. ಋಗ್ವೇದದ ಎರಡನೆಯ ಮಂಡಲದಲ್ಲಿ, ಇಂದ್ರನನ್ನು ನಂಬಿರಿ ಎನ್ನುವಲ್ಲಿ, ‘ಶ್ರದಸ್ಮೈ ಧತ್ತ’ ಎಂದು ಎರಡು ಭಾಗಗಳೂ ಬಿಡಿಬಿಡಿಯಾಗಿಯೇ ನಿಂತಿವೆ. ಆದರೆ ವೇದದ ಪದಗಳ ಹಳೆಯ ಪಟ್ಟಿಯಾದ ‘ನಿಘಂಟು’ವಿನ ಕಾಲಕ್ಕೆ ಶ್ರತ್ ಎಂಬುದು ಸತ್ಯದ ಪರ್ಯಾಯಗಳ ಸಾಲಿಗೆ ಸೇರಿತ್ತು. ಹತ್ತನೆಯ ಮಂಡಲದ ಶ್ರದ್ಧಾಸೂಕ್ತದಲ್ಲಿ ‘ಶ್ರದ್ಧಾಂ ಹೃದಯ್ಯಯಾಕೂತ್ಯಾ’ ಎಂದು ಎರಡೂ ರೂಪಗಳು ಅಕ್ಕಪಕ್ಕ ಬರುತ್ತವೆ. ಅವು ಒಡಹುಟ್ಟುಗಳೆಂದು ಆ ಕವಿಗೆ ಹೊಳೆದಿರಲಾರದು. ಫ್ರೆಂಚ್ ವಿದ್ವಾಂಸ ಎಮಿಲ್ ಬೆನ್ವೆನಿಸ್ಟ್ ಮಾತ್ರ ಇಲ್ಲಿ ಹೃದಯವಿದೆ ಎಂಬುದನ್ನೇ ಸಂದೇಹಿಸಿದರು. ನನಗೆ ಬಹುಮತದ ವಾದವೇ ಗಟ್ಟಿ ಅನಿಸುತ್ತದೆ. ಲ್ಯಾಟಿನ್, ಸಂಸ್ಕೃತ, ಹಳೆಯ ಐರಿಷ್ ಮೂರರಲ್ಲೂ ಇದೇ ಜೋಡಣೆ ಸಿಗುವುದು ಸಣ್ಣ ಮಾತಲ್ಲ.

ಇನ್ನು ಕರುಳು. ಅದು ದ್ರಾವಿಡ ಪದ. ಮಲಯಾಳದ ‘ಕರಳ್’ ಅದರ ನೆಂಟ. ಕ, ರ ಎರಡೂ ಹೊಂದುತ್ತವೆ ಎಂದು ಅದನ್ನು ಗ್ರೀಸಿಗೆ ಕಳುಹಿಸಬೇಡಿ. ಗುಂಡಿಗೆಗೂ *ಕೆರ್ದ್‌ಗೂ ಸಂಬಂಧವಿಲ್ಲ.