ಕೆಲಸ ಇಷ್ಟ, ಸಂಬಳವೂ ಚೆನ್ನಾಗಿದೆ, ಆದರೂ ನೆಮ್ಮದಿಯಿಲ್ಲ

ಪ್ರಶ್ನೆ: ನನಗೆ 34 ವರ್ಷ. ಹತ್ತು ವರ್ಷದಿಂದ ಸಾಫ್ಟ್‌ವೇರ್ ಎಂಜಿನಿಯರ್. ಕೋಡ್ ಬರೆಯುವುದೆಂದರೆ ಈಗಲೂ ಖುಷಿ, ಸಂಬಳಕ್ಕೂ ಕೊರತೆಯಿಲ್ಲ. ಮೂರು ವಾರಕ್ಕೊಮ್ಮೆ ಆನ್‌ಕಾಲ್ ಪಾಳಿ ಬರುತ್ತದೆ, ಆಗ ಸಿಸ್ಟಂ ಕೈಕೊಟ್ಟರೆ ರಾತ್ರಿಯಾದರೂ ಎದ್ದು ನೋಡಬೇಕು. ಪಾಳಿ ಇಲ್ಲದಿದ್ದರೂ ಆಫೀಸು ತಲೆಯಿಂದ ಇಳಿಯುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಆರು ವರ್ಷದ ಮಗ ತಾನೇ ಹೋಗಿ ನನ್ನ ಫೋನ್ ತಂದು ತಟ್ಟೆಯ ಪಕ್ಕ ಇಟ್ಟು, ‘ಇದು ಬೇಕಲ್ವಾ ಅಪ್ಪ’ ಅಂದ. ಅಂದಿನಿಂದ ಮನಸ್ಸು ಸರಿಯಿಲ್ಲ. ಕಂಪನಿ ಬದಲಿಸಲೇ?

ಉತ್ತರ: ಮಗನ ಆ ಮಾತು ಓದಿ ನನಗೂ ಸಂಕಟವಾಯಿತು. ಆದರೆ ಕಂಪನಿ ಬದಲಿಸುವ ಯೋಚನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಈಗಿನ ಅಭ್ಯಾಸ ನಿಮ್ಮ ಜೊತೆಗೇ ಹೊಸ ಕಂಪನಿಗೂ ಬರುತ್ತದೆ.

ಸಂಬಳ ಚೆನ್ನಾಗಿದ್ದೂ ಯಾಕೆ ಹೀಗೆ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲೇ ಇದನ್ನು ಹೇಳಿದ್ದರು: ಸಂಬಳ ಕಡಿಮೆಯಾದರೆ ಅಸಮಾಧಾನ ಹುಟ್ಟುತ್ತದೆ, ಹೆಚ್ಚಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿ ಬರುವುದು ಕೆಲಸದ ಒಳಗಿನಿಂದ. ಅದು ನಿಮಗಿದೆ. ಇಲ್ಲದಿರುವುದು ನಿಮ್ಮ ಹೊತ್ತಿನ ಮೇಲೆ ನಿಮಗೆ ಹಿಡಿತ. ಪಾಳಿಯ ರಾತ್ರಿ ಫೋನ್ ಒಮ್ಮೆಯೂ ಬಡಿದುಕೊಳ್ಳದಿದ್ದರೂ ಬೆಳಿಗ್ಗೆ ಮೈ ಭಾರವಾಗಿರುತ್ತದಲ್ಲ, ಕಾಯುತ್ತಾ ಮಲಗಿದ್ದಕ್ಕೆ ಹಾಗೆ.

ಪಾಳಿಯ ಕಷ್ಟವನ್ನು ಒಬ್ಬರೇ ಮನಸ್ಸು ಗಟ್ಟಿ ಮಾಡಿಕೊಂಡು ನೀಗಿಸಲಾಗದು, ಅದು ತಂಡದ ಕೆಲಸ. ಮುಂದಿನ ಪಾಳಿಯಲ್ಲಿ ಸಿಸ್ಟಂನಿಂದ ಫೋನಿಗೆ ಬಂದ ಎಚ್ಚರಿಕೆಗಳನ್ನೆಲ್ಲ, ಅಂದರೆ ಅಲರ್ಟುಗಳನ್ನೆಲ್ಲ, ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ನೀವು ಏನಾದರೂ ಮಾಡಬೇಕಾಯಿತೇ, ಬೆಳಿಗ್ಗೆ ನೋಡಿದ್ದರೆ ನಡೆಯುತ್ತಿತ್ತೇ. ಎದ್ದು ನೋಡಿ, ಏನೂ ಮಾಡದೆ ಮತ್ತೆ ಮಲಗಿದ ಅಲರ್ಟುಗಳು ಆ ಪಟ್ಟಿಯಲ್ಲಿ ಖಂಡಿತ ಸಿಗುತ್ತವೆ. ಅವನ್ನು ತೆಗೆಸಿ, ಇಲ್ಲವೇ ಹಗಲಿಗೆ ತಳ್ಳಿಸಿ. ರಾತ್ರಿ ಎದ್ದವರು ಮರುದಿನ ತಡವಾಗಿ ಬರಬಹುದು ಎಂಬುದನ್ನೂ ಮ್ಯಾನೇಜರ್ ಬಳಿ ಮಾತಾಡಿ ನಿಯಮವಾಗಿಸಿ. ‘ನನಗೆ ಒತ್ತಡ’ ಎಂದರೆ ಸಮಾಧಾನದ ಮಾತು ಸಿಗುತ್ತದೆ, ಪಟ್ಟಿ ಮುಂದಿಟ್ಟರೆ ಕೆಲಸ ಆಗುತ್ತದೆ.

ಇನ್ನು ಪಾಳಿ ಇಲ್ಲದ ದಿನಗಳು. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸನ್ನು ಕೆರೆಯುತ್ತಲೇ ಇರುತ್ತದೆ. ಅದನ್ನು ಮುಂದೆ ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ, ಕೆಲಸ ಮುಗಿಯದಿದ್ದರೂ ಆ ಕೆರೆತ ತಗ್ಗುತ್ತದೆ ಎಂದು 2011ರ ಅಧ್ಯಯನವೊಂದು ತೋರಿಸಿದೆ. ಲ್ಯಾಪ್‌ಟಾಪ್ ಮುಚ್ಚುವ ಹದಿನೈದು ನಿಮಿಷ ಮೊದಲೇ ಕೋಡ್ ನಿಲ್ಲಿಸಿ ಬರೆಯಿರಿ. ‘ನಾಳೆ ಬಗ್ ನೋಡಬೇಕು’ ಎಂದರೆ ಸಾಲದು. ‘ಟೋಕನ್ ಅವಧಿ ಮುಗಿದಾಗ ಮಾತ್ರ ಲಾಗಿನ್ ಕೈಕೊಡುತ್ತಿದೆಯೇ, ಬೆಳಿಗ್ಗೆ ಮೊದಲು ಅದನ್ನೇ ಪರೀಕ್ಷಿಸು’ ಎಂಬಷ್ಟು ಸ್ಪಷ್ಟವಾಗಿರಲಿ. ಆಫೀಸಿನ ಚಾಟ್ ಫೋನಿನಿಂದ ತೆಗೆದುಬಿಡಿ. ನಿಜಕ್ಕೂ ತುರ್ತಾಗಿದ್ದರೆ ಕರೆ ಮಾಡುತ್ತಾರೆ.

ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರೆಂದು ನೀವು ಬರೆದಿಲ್ಲ. 55 ದಾಟುತ್ತಿದ್ದರೆ ಮಾತೇ ಬೇರೆ. 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಅಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದವು. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ರಜೆ ಕಳೆದರೂ ದಣಿವು ಆರದಿದ್ದರೆ, ಇಷ್ಟವಿದ್ದ ಕೋಡಿನ ಮೇಲೂ ಜಿಗುಪ್ಸೆ ಬಂದರೆ ತಡ ಮಾಡದೆ ವೈದ್ಯರನ್ನು ಕಾಣಿ. ಪಟ್ಟಿ ಹಿಡಿದು ಕೇಳಿದ ಮೇಲೂ ಎರಡು ಮೂರು ಪಾಳಿಗಳಲ್ಲಿ ಏನೂ ಬದಲಾಗದಿದ್ದರೆ, ಆಗ ಬೇರೆ ಕಡೆ ಹುಡುಕಿ. ಹೊಸ ಕಡೆಯ ಸಂದರ್ಶನದಲ್ಲಿ, ಕಳೆದ ತಿಂಗಳು ಎಷ್ಟು ರಾತ್ರಿ ಏಳಬೇಕಾಯಿತೆಂದು ಆ ತಂಡದವರನ್ನೇ ಕೇಳಿ.

ಇವತ್ತೇ ಮಾಡಬಹುದಾದ್ದೂ ಒಂದಿದೆ. ಕ್ಯಾಲೆಂಡರಿನಲ್ಲಿ ನಿಮ್ಮ ಪಾಳಿಯ ದಿನಗಳಿಗೆ ಮಗನ ಕೈಯಲ್ಲೇ ಬಣ್ಣ ಹಾಕಿಸಿ. ಬಣ್ಣದ ದಿನ ಫೋನ್ ತಟ್ಟೆಯ ಪಕ್ಕ ಇರಲಿ. ಉಳಿದ ದಿನ ಅದನ್ನು ಬೇರೆ ಕೋಣೆಯಲ್ಲಿ ಇಟ್ಟು ಬರುವ ಕೆಲಸ ಅವನದೇ ಆಗಲಿ.