ಟೇಬಲ್ ಟೆನ್ನಿಸ್‌ನಲ್ಲಿ ನನ್ನನ್ನು ಹೆಚ್ಚು ಕಾಡಿದ ಹೊಡೆತಗಳು

ಟೇಬಲ್ ಟೆನ್ನಿಸ್ ಆಡುವಾಗ ಎದುರಾಳಿಯಿಂದ ಬಂದ ಹೊಡೆತಗಳಲ್ಲಿ ಯಾವುವು ಅತ್ಯಂತ ಕಷ್ಟದವು, ಯಾವುವು ಇಂದಿಗೂ ನೆನಪಿನಲ್ಲಿ ಉಳಿದಿವೆ ಎಂದು ನೀವು ಕೇಳಿದ್ದೀರಿ. ಕ್ಲಬ್ ಮಟ್ಟದ ಪಂದ್ಯಗಳಲ್ಲಿ ಹಲವು ವರ್ಷ ಆಡಿದವನ ಅನುಭವದಿಂದ ಉತ್ತರಿಸುತ್ತಿದ್ದೇನೆ. ಆಟವನ್ನು ಹೊರಗಿನಿಂದ ನೋಡುವವರು ಸಾಮಾನ್ಯವಾಗಿ ಸ್ಮ್ಯಾಶ್ ಎಂದೇ ಊಹಿಸುತ್ತಾರೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಸ್ಮ್ಯಾಶ್ ಬರುವ ಹೊತ್ತಿಗೆ ಆ ಪಾಯಿಂಟ್ ಬಹುಪಾಲು ಮುಗಿದೇ ಹೋಗಿರುತ್ತದೆ, ಅದಕ್ಕೆ ಅವಕಾಶ ಕೊಟ್ಟ ಎತ್ತರದ ಚೆಂಡು ನನ್ನ ಬ್ಯಾಟಿನಿಂದಲೇ ಹೋಗಿರುತ್ತದೆ, ಮತ್ತು ಅದರಲ್ಲಿ ಬಿಡಿಸಬೇಕಾದ ಗುಟ್ಟೇನೂ ಇರುವುದಿಲ್ಲ. ನನ್ನನ್ನು ನಿಜವಾಗಿ ಕಾಡಿದವು ನಿಧಾನವಾಗಿ, ನಿರಪಾಯವೆಂಬಂತೆ ಬಂದು, ತಮ್ಮಲ್ಲಿ ಎಷ್ಟು ಸ್ಪಿನ್ (ತಿರುಗಾಟ) ಇದೆ ಎಂಬುದನ್ನು ಬ್ಯಾಟಿಗೆ ತಗುಲುವ ತನಕ ಬಿಟ್ಟುಕೊಡದ ಚೆಂಡುಗಳು.

ಅವುಗಳಲ್ಲಿ ಒಂದು, ಸ್ಪಿನ್ ಇಲ್ಲದ ಸರ್ವ್. ಕೇಳಲು ಇದು ವಿಚಿತ್ರವೆನಿಸಬಹುದು. ಎದುರಾಳಿ ಮೊದಲು ಕೆಲವು ಬಾರಿ ಭಾರೀ ಬ್ಯಾಕ್‌ಸ್ಪಿನ್ (ಸಾಗುವ ದಿಕ್ಕಿಗೆ ವಿರುದ್ಧವಾದ ತಿರುಗಾಟ) ಇರುವ, ನೆಟ್‌ನ ಹತ್ತಿರವೇ ಬೀಳುವ ಗಿಡ್ಡ ಸರ್ವ್ ಹಾಕುತ್ತಾನೆ. ಅದನ್ನು ನೆಟ್ ದಾಟಿಸಬೇಕಾದರೆ ಬ್ಯಾಟಿನ ಮುಖವನ್ನು ಮೇಲಕ್ಕೆ ತೆರೆದು ಚೆಂಡಿನ ತಳವನ್ನು ತಳ್ಳಬೇಕಾಗುತ್ತದೆ. ಕೈ ಅದಕ್ಕೆ ಹೊಂದಿಕೊಂಡಿತು ಎನ್ನುವಾಗಲೇ ಅದೇ ತೋಳಿನ ಬೀಸು, ಅದೇ ಮೊಣಕಾಲಿನ ಬಾಗು, ಅದೇ ಹೆಜ್ಜೆಯ ಸದ್ದಿನೊಂದಿಗೆ ಇನ್ನೊಂದು ಸರ್ವ್ ಬರುತ್ತದೆ. ಅದನ್ನೂ ಹಾಗೆಯೇ ತಳ್ಳಿದರೆ ಚೆಂಡು ತೇಲಿಕೊಂಡು ಎದ್ದು, ಎದುರಾಳಿಗೆ ಬೇಕಾದ ಎತ್ತರದಲ್ಲಿಯೇ ಸಿಗುತ್ತದೆ. ವ್ಯತ್ಯಾಸವಿರುವುದು ಚೆಂಡು ಬ್ಯಾಟಿನ ಯಾವ ಭಾಗಕ್ಕೆ ತಗುಲಿತು ಎಂಬುದರಲ್ಲಿ ಮಾತ್ರ. ಮಣಿಕಟ್ಟನ್ನು ಬೀಸಿದಾಗ ಬ್ಯಾಟಿನ ತುದಿ ಅತಿ ವೇಗವಾಗಿ ಚಲಿಸುತ್ತದೆ, ಹಿಡಿಯ ಸಮೀಪದ ಭಾಗ ಅಷ್ಟು ವೇಗವಾಗಿ ಚಲಿಸುವುದಿಲ್ಲ; ತುದಿಯಲ್ಲಿ ಸವರಿದ ಚೆಂಡು ಗಿರಗಿರನೆ ತಿರುಗುತ್ತದೆ, ಹಿಡಿಯ ಬಳಿ ತಾಗಿದ್ದು ಬಹುತೇಕ ತಿರುಗದೆಯೇ ಬರುತ್ತದೆ. ಸರ್ವ್ ಮಾಡುವವನು ಚೆಂಡನ್ನು ತೆರೆದ ಅಂಗೈಯಿಂದ ಕನಿಷ್ಠ 16 ಸೆಂ.ಮೀ. ಎತ್ತರಕ್ಕೆ ಎಸೆಯಬೇಕು, ಬ್ಯಾಟು ಚೆಂಡಿಗೆ ತಗುಲುವ ಕ್ಷಣವನ್ನು ದೇಹದಿಂದಾಗಲಿ ತೋಳಿನಿಂದಾಗಲಿ ಮರೆಮಾಡಬಾರದು ಎಂಬ ನಿಯಮಗಳಿವೆ. ಮರೆಮಾಡುವುದನ್ನು 2002ರಲ್ಲಿ ನಿಷೇಧಿಸಿದ ಮೇಲೆ ಸರ್ವ್ ಸ್ವೀಕರಿಸುವವನ ಕಷ್ಟ ಸ್ವಲ್ಪ ಕಡಿಮೆಯಾಯಿತು ಎನ್ನುವುದು ನಿಜ. ಆದರೆ ಮರೆಯೇ ಇಲ್ಲದೆ ಕಣ್ಣೆದುರಿಗೇ ನಡೆದರೂ ತುದಿಗೆ ತಗುಲಿತೇ ಹಿಡಿಯ ಬಳಿ ತಗುಲಿತೇ ಎಂದು ಗುರುತಿಸುವುದು ಸುಲಭವಲ್ಲ. ನನಗೆ ನೆರವಾದದ್ದು ಚೆಂಡಿನ ಮೇಲಿರುವ ತಯಾರಕರ ಮುದ್ರೆ: ಅದು ಸ್ಪಷ್ಟವಾಗಿ ಕಾಣುತ್ತಿದ್ದರೆ ಚೆಂಡು ತಿರುಗುತ್ತಿಲ್ಲ, ಮಸುಕಾಗಿ ಕರಗಿಹೋಗಿದ್ದರೆ ಎಚ್ಚರಿಕೆ ಬೇಕು.

ಇದರ ಇನ್ನೊಂದು ತುದಿಯಲ್ಲಿರುವುದು ಮಿತಿಮೀರಿದ ಬ್ಯಾಕ್‌ಸ್ಪಿನ್‌ನ ಗಿಡ್ಡ ಸರ್ವ್. 2008ರ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಮಾ ಲಿನ್ ಅವರ ಹೆಸರಿನೊಡನೆ ಸೇರಿಕೊಂಡಿರುವ ‘ಘೋಸ್ಟ್ ಸರ್ವ್’ ಇದೇ ಜಾತಿಯದು. ಮುಟ್ಟದೆ ಬಿಟ್ಟರೆ ಚೆಂಡು ನಮ್ಮ ಬದಿಯಲ್ಲಿ ಪುಟಿದು ನೆಟ್‌ನತ್ತ ಹಿಂದಕ್ಕೆ ಉರುಳುತ್ತದೆ. ನೋಡಲು ಇದಕ್ಕಿಂತ ಚೆಂದದ ಸರ್ವ್ ಇನ್ನೊಂದಿಲ್ಲ. ಆದರೂ ಇಂತಹ ಸರ್ವ್‌ನಲ್ಲಿ ಏನಿದೆ ಎಂಬುದು ಮೊದಲೇ ಗೊತ್ತಿರುವುದರಿಂದ, ಕಷ್ಟದ ಲೆಕ್ಕದಲ್ಲಿ ಸ್ಪಿನ್ ಇಲ್ಲದ ಸರ್ವ್‌ಗೇ ನಾನು ಮೇಲಿನ ಸ್ಥಾನ ಕೊಡುತ್ತೇನೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಉದ್ದ ಪಿಂಪಲ್ಸ್ ಇರುವ ರಬ್ಬರಿನಿಂದ ಬರುವ ಬ್ಲಾಕ್, ಅಂದರೆ ಬೀಸದೆ ಬ್ಯಾಟನ್ನು ಒಡ್ಡಿ ಹಿಂದಿರುಗಿಸಿದ ಚೆಂಡು. ಸಾಮಾನ್ಯ ರಬ್ಬರಿನ ಹೊರಮೈ ನಯವಾಗಿದ್ದು ಚೆಂಡನ್ನು ಹಿಡಿದುಕೊಳ್ಳುವಂತಿರುತ್ತದೆ. ಬಂದ ಸ್ಪಿನ್ನನ್ನು ತಡೆದು, ಹೊಡೆಯುವವನ ಬೀಸಿಗೆ ತಕ್ಕ ಹೊಸ ಸ್ಪಿನ್ ಕೊಟ್ಟು ಕಳಿಸುತ್ತದೆ. ಉದ್ದ ಪಿಂಪಲ್ಸ್‌ನಲ್ಲಿ ರಬ್ಬರಿನ ಮೊನೆಗಳು ಹೊರಮುಖವಾಗಿದ್ದು, ಚೆಂಡು ತಗುಲಿದೊಡನೆ ಗಾಳಿಗೆ ಪೈರು ಬಾಗಿದಂತೆ ಬಾಗುತ್ತವೆ. ಹಿಡಿತ ಕಡಿಮೆಯಿರುವುದರಿಂದ ಚೆಂಡಿನ ತಿರುಗಾಟ ಅಷ್ಟಾಗಿ ಬದಲಾಗುವುದಿಲ್ಲ, ಅದು ಸಾಗುವ ದಿಕ್ಕು ಮಾತ್ರ ಬದಲಾಗುತ್ತದೆ. ಹೀಗಾಗಿ ನಾನು ಕೊಟ್ಟ ಟಾಪ್‌ಸ್ಪಿನ್ (ಸಾಗುವ ದಿಕ್ಕಿಗೇ ಉರುಳುವಂಥ ತಿರುಗಾಟ) ನನ್ನ ಕಡೆಗೆ ಬ್ಯಾಕ್‌ಸ್ಪಿನ್ ಆಗಿ ಮರಳುತ್ತದೆ, ನಾನು ಬ್ಯಾಕ್‌ಸ್ಪಿನ್ ಕೊಟ್ಟು ಪುಶ್ ಮಾಡಿದ ಚೆಂಡು ಹಗುರವಾದ ಟಾಪ್‌ಸ್ಪಿನ್‌ನೊಂದಿಗೆ ಅಥವಾ ಸ್ಪಿನ್ನೇ ಇಲ್ಲದೆ ಬರುತ್ತದೆ. ಎದುರಾಳಿಯ ಬ್ಯಾಟು ಹೇಗೆ ಚಲಿಸಿತು ಎಂಬುದನ್ನು ನೋಡಿ ಸ್ಪಿನ್ ಊಹಿಸಲು ವರ್ಷಗಟ್ಟಲೆ ಪಳಗಿಸಿಕೊಂಡ ಕಣ್ಣಿಗೆ ಇಲ್ಲಿ ಕಾಣುವುದೆಲ್ಲವೂ ತಲೆಕೆಳಗು. ನಾನು ಲೂಪ್ ಅನ್ನು, ಅಂದರೆ ಟಾಪ್‌ಸ್ಪಿನ್ ತುಂಬಿದ ಹೊಡೆತವನ್ನು, ಬಲವಾಗಿ ಹೊಡೆದಷ್ಟೂ ಹಿಂದಿರುಗುವ ಚೆಂಡು ಭಾರವಾಗುತ್ತದೆ. ಎರಡನೆಯ ಲೂಪ್ ಅದೇ ಕೋನದಲ್ಲಿ ಹೊಡೆದರೆ ಅದು ನೆಟ್‌ನ ಬುಡಕ್ಕೇ ಹೋಗುತ್ತದೆ. ಜೊತೆಗೆ ಬ್ಲಾಕ್ ಆದ ಚೆಂಡು ಗಾಳಿಯಲ್ಲಿ ಸ್ವಲ್ಪ ಅಲುಗಾಡಿಕೊಂಡು, ಎಣಿಸಿದ್ದಕ್ಕಿಂತ ನಿಧಾನವಾಗಿ ಬರುವುದರಿಂದ, ಬೀಸು ಮೊದಲೇ ಮುಗಿದು ಚೆಂಡು ಆಮೇಲೆ ತಲುಪುವುದೂ ಉಂಟು.

ಈ ರಬ್ಬರಿನವರ ಆಟವನ್ನು ಅನೇಕರು ಆಟವೇ ಅಲ್ಲವೆಂದು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಡೆಂಗ್ ಯಾಪಿಂಗ್ ಬ್ಯಾಕ್‌ಹ್ಯಾಂಡ್ ಬದಿಗೆ ಉದ್ದ ಪಿಂಪಲ್ಸ್ ಬಳಸಿದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ ಕೂಡ ಹಾಗೆಯೇ. ರಕ್ಷಣೆಗೆ ನಿಂತಂತೆ ತೋರುವ ಒಂದು ಬ್ಲಾಕ್‌ನಿಂದ ಎದುರಾಳಿಯ ಲಯ ಕೆಡಿಸಿ, ಮುಂದಿನ ಚೆಂಡನ್ನೇ ಫೋರ್‌ಹ್ಯಾಂಡಿನಲ್ಲಿ ಬಾರಿಸುವುದಕ್ಕೆ ಧೈರ್ಯವೂ ಬೇಕು, ಕಾಲಿನ ಚುರುಕೂ ಬೇಕು. ಕೆಲವರು ಆಟದ ನಡುವೆಯೇ ಬ್ಯಾಟನ್ನು ಕೈಯಲ್ಲಿ ತಿರುಗಿಸಿಕೊಂಡು ರಬ್ಬರು ಅದಲುಬದಲು ಮಾಡುತ್ತಾರೆ. ಹಿಂದೆ ಎರಡೂ ಬದಿಗೆ ಒಂದೇ ಬಣ್ಣದ ರಬ್ಬರು ಹಾಕಬಹುದಾಗಿದ್ದಾಗ ಯಾವ ಬದಿಯಿಂದ ಹೊಡೆದರು ಎಂದು ತಿಳಿಯುವುದೇ ಅಸಾಧ್ಯವಾಗಿತ್ತು. 1980ರ ದಶಕದಲ್ಲಿ ಎರಡು ಬೇರೆ ಬಣ್ಣಗಳು ಕಡ್ಡಾಯವಾದದ್ದು ಇದೇ ಕಾರಣಕ್ಕೆ. ಪಂದ್ಯಕ್ಕೆ ಮೊದಲು ಎದುರಾಳಿಯ ಬ್ಯಾಟನ್ನು ಪರೀಕ್ಷಿಸುವ ಹಕ್ಕು ನಮಗಿದೆ. ಅದನ್ನು ಶಿಷ್ಟಾಚಾರಕ್ಕೆಂದು ಒಮ್ಮೆ ತಿರುವಿ ಹಿಂದಿರುಗಿಸದೆ, ಪಿಂಪಲ್ಸ್ ಯಾವ ಬಣ್ಣದ ಬದಿಯಲ್ಲಿವೆ ಎಂಬುದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಇಂತಹವರೆದುರು ನನಗೆ ಫಲ ಕೊಟ್ಟ ಉಪಾಯವೆಂದರೆ, ಸ್ಪಿನ್ ಇಲ್ಲದ ಉದ್ದನೆಯ ಚೆಂಡನ್ನು ಪಿಂಪಲ್ಸ್ ಕಡೆಗೆ ಕಳಿಸುವುದು. ಅದಕ್ಕೆ ಮರಳಿಸಲು ಏನೂ ಸಿಗುವುದಿಲ್ಲ.

ಇನ್ನು ನಿಧಾನದ ಲೂಪ್. ವೇಗದ ಲೂಪ್‌ಗೆ ಬ್ಯಾಟನ್ನು ಅಡ್ಡ ಹಿಡಿದರೂ ಕೆಲವೊಮ್ಮೆ ಚೆಂಡು ತಾನಾಗಿ ಆಚೆ ಹೋಗುತ್ತದೆ. 1960ರ ಸುಮಾರಿಗೆ ಜಪಾನಿನ ಆಟಗಾರರು ಬಳಕೆಗೆ ತಂದ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಸವರಿ ಕಳಿಸುವ ನಿಧಾನದ ಲೂಪ್ ಅಷ್ಟು ಉದಾರವಲ್ಲ. ಅದು ಕಮಾನಿನಂತೆ ಎದ್ದು, ಟಾಪ್‌ಸ್ಪಿನ್‌ನಿಂದ ಉಂಟಾಗುವ ಗಾಳಿಯ ಒತ್ತಡಕ್ಕೆ ಥಟ್ಟನೆ ಕೆಳಗಿಳಿದು, ಮೇಜಿಗೆ ತಗುಲಿದ ಕೂಡಲೇ ಮುಂದಕ್ಕೆ ಜಿಗಿಯುತ್ತದೆ. ವೇಗವಿಲ್ಲವಲ್ಲ ಎಂದು ಬ್ಯಾಟನ್ನು ನೇರವಾಗಿ ಒಡ್ಡಿದರೆ ಚೆಂಡು ಮೇಲಕ್ಕೆ ಹಾರಿ ಮೇಜಿನ ಆಚೆ ಬೀಳುತ್ತದೆ. ಮೇಲೇಳುತ್ತಿರುವಾಗಲೇ, ಬ್ಯಾಟಿನ ಮುಖವನ್ನು ಮೇಜಿನತ್ತ ಚೆನ್ನಾಗಿ ಬಾಗಿಸಿ ತಡೆಯಬೇಕು. ಕಾದು ನಿಂತವನಿಗೆ ಅದು ದಕ್ಕುವುದಿಲ್ಲ. ಚೆಂಡಿನ ವ್ಯಾಸವನ್ನು 2000ದಲ್ಲಿ 38ರಿಂದ 40 ಮಿ.ಮೀ.ಗೆ ಹೆಚ್ಚಿಸಿದ್ದು, 2014ರಲ್ಲಿ ಸೆಲ್ಯುಲಾಯ್ಡ್ ಬದಲಿಗೆ ಪ್ಲಾಸ್ಟಿಕ್ ಚೆಂಡು ಬಂದದ್ದು, ಇವೆರಡರಿಂದಲೂ ಸ್ಪಿನ್ ಕೊಂಚ ತಗ್ಗಿದೆ ಎನ್ನುತ್ತಾರೆ. ಸೆಲ್ಯುಲಾಯ್ಡ್ ಕಾಲದ ಲೂಪ್‌ಗಳನ್ನು ತಡೆದ ನೆನಪಿರುವ ನನಗೂ ಹಾಗೆಯೇ ಅನ್ನಿಸುತ್ತದೆ.

ಎಡಗೈ ಆಟಗಾರರು ತಮ್ಮ ಬ್ಯಾಕ್‌ಹ್ಯಾಂಡ್ ಮೂಲೆಯಿಂದ, ಬಲಗೈಯವನಾದ ನನ್ನ ಫೋರ್‌ಹ್ಯಾಂಡ್ ಮೂಲೆಗೆ ಕರ್ಣರೇಖೆಯಲ್ಲಿ ಹಾಕುವ ಸೈಡ್‌ಸ್ಪಿನ್ (ಪಕ್ಕಕ್ಕೆ ತಿರುಗುವ) ಸರ್ವ್ ಕೂಡ ಈ ಸಾಲಿಗೆ ಸೇರುತ್ತದೆ. ಮೇಜಿನ ಪಕ್ಕದ ಗೆರೆಯನ್ನು ದಾಟಿ ಹೊರಹೊರಕ್ಕೆ ಓಡುವ ಅದನ್ನು ಹಿಂಬಾಲಿಸಿ ಹೋದರೆ ಇಡೀ ಬ್ಯಾಕ್‌ಹ್ಯಾಂಡ್ ಬದಿ ಖಾಲಿ ಬೀಳುತ್ತದೆ. ಮೊಣಕೈಗೆ ನೇರವಾಗಿ ಬರುವ ವೇಗದ ಚೆಂಡಿನ ತೊಂದರೆ ಇನ್ನೂ ಸರಳ: ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ನಿರ್ಧರಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ನೆನಪಿನಲ್ಲಿ ಉಳಿದವುಗಳ ವಿಷಯಕ್ಕೆ ಬಂದರೆ, ಲಾಬ್‌ಗಳನ್ನು ಹೇಳಲೇಬೇಕು. ಮೇಜಿನಿಂದ ಬಹಳ ಹಿಂದೆ ಸರಿದು, ಸೋತಂತೆಯೇ ಕಾಣುವ ಎದುರಾಳಿ ಚೆಂಡನ್ನು ತಲೆಯೆತ್ತರಕ್ಕಿಂತಲೂ ಮೇಲೆ ಎತ್ತಿ ಕಳಿಸುತ್ತಾನೆ. ಅಂಚಿನ ಹತ್ತಿರ ಬೀಳುವ ಆ ಚೆಂಡಿನಲ್ಲಿ ಟಾಪ್‌ಸ್ಪಿನ್ನೂ ಸೈಡ್‌ಸ್ಪಿನ್ನೂ ಬೆರೆತಿದ್ದರೆ, ಪುಟಿದ ಮೇಲೆ ಅದು ನನ್ನ ಹಿಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಜಿಗಿಯುತ್ತದೆ. 2005ರ ಶಾಂಘೈ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡೆನ್ಮಾರ್ಕ್‌ನ ಮೈಕೆಲ್ ಮೇಜ್, ಚೀನಾದ ಹಾವ್ ಷುವಾಯ್ ಎದುರು ಮೊದಲ ಮೂರು ಗೇಮ್‌ಗಳನ್ನು ಕಳೆದುಕೊಂಡ ಮೇಲೂ ಲಾಬ್‌ಗಳ ಬಲದಿಂದ ಪಂದ್ಯ ಗೆದ್ದದ್ದನ್ನು ನೋಡಿದವರಿಗೆ ಇದರ ಮಹಿಮೆ ಗೊತ್ತು. ಒಂದಾದ ಮೇಲೊಂದು ಸ್ಮ್ಯಾಶ್ ಹೊಡೆದು ಭುಜ ದಣಿದಿರುವಾಗ ಮತ್ತೊಂದು ಲಾಬ್ ಮೇಲೇರುವುದನ್ನು ನೋಡುವುದು ದೇಹಕ್ಕಿಂತ ಮನಸ್ಸಿಗೇ ಹೆಚ್ಚು ಆಯಾಸ.

ಆದರೆ ಎಲ್ಲಕ್ಕಿಂತ ಅಚ್ಚಳಿಯದೆ ಉಳಿದದ್ದು ನೆಟ್‌ನ ಪಕ್ಕದಿಂದ ಬಂದ ಒಂದು ಹೊಡೆತ. ನಾನು ಅಗಲವಾದ ಕೋನದಲ್ಲಿ ಕಳಿಸಿದ ಚೆಂಡನ್ನು ಎದುರಾಳಿ ಮೇಜಿನಿಂದ ದೂರ ಓಡಿಹೋಗಿ, ಬಹುತೇಕ ನೆಲದ ಮಟ್ಟದಲ್ಲಿ ಹಿಡಿದು, ನೆಟ್‌ನ ಕಂಬದ ಹೊರಗಿನಿಂದ ಬಳಸಿ ಕಳಿಸಿದ. ಚೆಂಡು ನೆಟ್‌ನ ಮೇಲಿನಿಂದಲೇ ಬರಬೇಕೆಂಬ ನಿಯಮವಿಲ್ಲ. ಪಕ್ಕದಿಂದ, ನೆಟ್‌ನ 15.25 ಸೆಂ.ಮೀ. ಎತ್ತರಕ್ಕಿಂತ ಕೆಳಗಿನಿಂದ ಬಂದರೂ ಅದು ಸರಿಯಾದ ಹೊಡೆತವೇ. ಹಾಗೆ ಬಂದ ಚೆಂಡು ನನ್ನ ಬದಿಯಲ್ಲಿ ಪುಟಿಯಲೇ ಇಲ್ಲ, ಮೇಜಿನ ಮೇಲೆ ಉರುಳಿಕೊಂಡು ಹೋಯಿತು. ಉರುಳುವ ಚೆಂಡಿನ ಕೆಳಗೆ ಬ್ಯಾಟು ತೂರಿಸಲು ಜಾಗವೇ ಇರುವುದಿಲ್ಲವಾದ್ದರಿಂದ ಅದಕ್ಕೆ ಉತ್ತರವೆಂಬುದೇ ಇಲ್ಲ.

ನೆಟ್‌ಗೆ ತಾಗಿ ಈಚೆ ಬೀಳುವ ಚೆಂಡು, ಮೇಜಿನ ಅಂಚಿಗೆ ಸವರಿ ಕೆಳಗಿಳಿಯುವ ಚೆಂಡು, ಇವನ್ನು ನಾನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಎದುರಾಳಿ ಬೆರಳೆತ್ತಿ ಕ್ಷಮೆ ಕೇಳುವ ಆ ಪಾಯಿಂಟ್‌ಗಳು ಅವನ ಲೆಕ್ಕಕ್ಕೆ ಸೇರುತ್ತವೆ, ಆದರೆ ಅವನು ಹೊಡೆದ ಹೊಡೆತಗಳೆಂದು ಅವನ್ನು ಕರೆಯಲಾರೆ.