ಒದ್ದೆ ಸೀರೆ ಎಲ್ಲಿ ಒಣಗಿಸೋದು?

ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಒಂದಷ್ಟು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.

ಮೇ ಕೊನೆಯಲ್ಲಿ, ಶಿವಮೊಗ್ಗದಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಗಂಡ ಹೆಂಡತಿ ಬಂದರು. ತೀರ್ಥಹಳ್ಳಿ ಕಡೆಯವರು. ಅವರು ರಿಟೈರ್ ಆದ ಮೇಷ್ಟ್ರು, ಇವರು ಮನೆ, ತೋಟ ಎರಡನ್ನೂ ಮೂವತ್ತು ವರ್ಷ ನೋಡಿಕೊಂಡವರು. ನಾನು ಮೇಷ್ಟ್ರು, ಅಕ್ಕ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಎರಡು ತಿಂಗಳಿಂದ ಇಬ್ಬರೂ ಮಾತು ಬಿಟ್ಟಿದ್ದರು. ಕಾರಣ ಒಂದು ಗಾಡಿ. ಇನ್ನೂ ಕೊಂಡಿರದ ಗಾಡಿ.

ಮನೆಯನ್ನು ಬಾಡಿಗೆಗೆ ಕೊಟ್ಟು, ವರ್ಷಪೂರ್ತಿ ಗಾಡಿಯಲ್ಲೇ ಬದುಕಬೇಕು ಅನ್ನೋದು ಮೇಷ್ಟ್ರ ಆಸೆ. ಕ್ಲಾಸ್ ಎ, ಬಿ, ಸಿ, ಫಿಫ್ತ್ ವೀಲ್ ಅಂತ ಇಂಥ ಮನೆ ಗಾಡಿಗಳಿಗೆ ಅಮೆರಿಕದಲ್ಲಿರುವ ವಿಂಗಡಣೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿದ್ದರು. ಕೊನೆಗೆ ಮೂರು ಉಳಿಸಿಕೊಂಡಿದ್ದರು: ಜೀಪಿನ ಹಿಂದೆ ಕಟ್ಟಿ ಎಳೆಯುವ ಕಾರವಾನ್, ಎತ್ತರದ ಛಾವಣಿಯ ಸೆಕೆಂಡ್ ಹ್ಯಾಂಡ್ ಟೆಂಪೊ ಟ್ರಾವೆಲರ್, ಒಂದು ಸಣ್ಣ ವ್ಯಾನ್. ಮೈಲೇಜು, ಟೈರು, ಇಂಜಿನ್ ಎಲ್ಲ ಇತ್ತು. ಅಡುಗೆ ಅನ್ನುವ ಪದ ಒಂದೇ ಕಡೆ, ಅದೂ ‘ಅಡುಗೆ ವ್ಯವಸ್ಥೆ: ಇದೆ’ ಅಂತ.

ಅಕ್ಕ ಸುಮ್ನೆ ಕೂತಿದ್ದರು. ಅವರಿಗೆ ಇಷ್ಟವಿಲ್ಲ ಅಂದುಕೊಂಡು ಮೊದಲ ದಿನ ಮೇಷ್ಟ್ರನ್ನೇ ಸ್ವಲ್ಪ ಜೋರಾಗಿ ಪ್ರಶ್ನೆ ಮಾಡಿದೆ. ತಪ್ಪು ನನ್ನದು. ಹೊರಡುವಾಗ ಬಾಗಿಲ ಹತ್ತಿರ ಅಕ್ಕ ಮೆಲ್ಲಗೆ ಹೇಳಿದರು, “ಹೋಗೋದು ಬೇಡ ಅಂತ ನಾನೆಲ್ಲಿ ಅಂದೆ? ಒದ್ದೆ ಸೀರೆ ಎಲ್ಲಿ ಒಣಗಿಸೋದು ಅಂತ ಕೇಳಿದೆ. ಇವರು ಅದಕ್ಕೆ ನಕ್ಕರು.”

ಮಲೆನಾಡಿನವರಿಗೆ ಇದು ನಗುವ ಪ್ರಶ್ನೆ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಆರಿದ್ರಾ ಹಿಡಿದರೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಬಿಸಿಗೆ ಮಾತ್ರ. ಮುಚ್ಚಿದ ತಗಡಿನ ಗಾಡಿಯಲ್ಲಿ ಇಬ್ಬರ ಉಸಿರು, ಅನ್ನದ ಹಬೆ, ಗ್ಯಾಸ್ ಉರಿಯುವಾಗ ಹುಟ್ಟುವ ನೀರಾವಿ ಎಲ್ಲ ಸೇರಿ ಗೋಡೆಗೆ ಹನಿಯಾಗಿ ಕೂರುತ್ತದೆ. ಜೊತೆಗೆ ಎರಡು ಒದ್ದೆ ಸೀರೆ ಹರವಿದರೆ ವಾರದಲ್ಲಿ ಹಾಸಿಗೆ ಅಡಿ ಬೂಸಲು.

ಎರಡನೇ ಭೇಟಿಗೆ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ಅಡಿ ಉದ್ದ, 6 ಅಡಿ ಅಗಲದ ಚೌಕ ಬರೆದೆ. “ಇದೇ ಗಾಡಿ. ಬೆಳಿಗ್ಗೆ ಎದ್ದಾಗಿನಿಂದ ಮಾಡೋದೆಲ್ಲ ಇಲ್ಲಿ ಮಾಡಿ ತೋರಿಸಿ” ಅಂದೆ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದರು. ದೋಸೆ ಹೊಯ್ಯಲು ತಿರುಗಿದರೆ ಮೊಣಕೈ ಮೇಷ್ಟ್ರ ಎದೆಗೆ ತಾಗಿತು. ಅಕ್ಕನಿಗೆ ಸಕ್ಕರೆ ಕಾಯಿಲೆ, ರಾತ್ರಿ ಮೂರು ಸಲ ಏಳಬೇಕು. ಮೇಷ್ಟ್ರು ಹಾಕಿದ್ದ ನಕ್ಷೆಯಲ್ಲಿ ಗಂಡನ ಕಾಲು ದಾಟದೆ ಟಾಯ್ಲೆಟ್ಟಿಗೆ ಹೋಗಲು ದಾರಿಯೇ ಇರಲಿಲ್ಲ. ಊಟದ ಬೆಂಚನ್ನೇ ದಿನಾ ಹಾಸಿಗೆ ಮಾಡಿಕೊಳ್ಳುವ ಏರ್ಪಾಡು ಬೇರೆ. ಮಂಡಿ ನೋವಿನವರಿಗೆ ಅದು ನಾಲ್ಕು ದಿನದ ಪ್ರವಾಸಕ್ಕೆ ಸರಿ, ಸಂಸಾರಕ್ಕೆ ಆಗಲ್ಲ. ಮೇಷ್ಟ್ರು ಚೌಕದ ಮೂಲೆಯಲ್ಲಿ ನಿಂತು ತುಂಬ ಹೊತ್ತು ನೆಲ ನೋಡಿದರು. ಆಮೇಲೆ, “ಸಣ್ಣ ವ್ಯಾನ್ ಪಟ್ಟಿಯಿಂದ ಹೊಡೆದು ಹಾಕಿ” ಅಂದರು.

ಎಳೆಯುವ ಕಾರವಾನ್ ತಾನಾಗಿಯೇ ಬಿದ್ದುಹೋಯಿತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದುರಿಂದ ಬಸ್ಸು ಬಂದರೆ ಹಿಂದಕ್ಕೆ ತೆಗೆಯುವವರು ಯಾರು? ಅಮೆರಿಕದಲ್ಲಿ 35 ಅಡಿಯ ಗಾಡಿ ನಡೆಯುತ್ತದೆ, ಯಾಕಂದ್ರೆ ನಿಲ್ಲಿಸುವ ಜಾಗದಲ್ಲಿ ಕರೆಂಟು, ನೀರು, ಹೊಲಸು ಬಿಡುವ ಪೈಪು ಸಿಗುತ್ತವೆ. ನಮ್ಮಲ್ಲಿ ಅದನ್ನೆಲ್ಲ ಹೊತ್ತುಕೊಂಡೇ ತಿರುಗಬೇಕು. 100 ಲೀಟರ್ ನೀರು ಅಂದರೆ 100 ಕೆಜಿ. ಕ್ಯಾಸೆಟ್ ಟಾಯ್ಲೆಟ್ಟಿನಲ್ಲಿ ಹೊಲಸು ತುಂಬುವ, ಹೊರಗೆಳೆದು ಖಾಲಿ ಮಾಡುವ ಡಬ್ಬ ಸುಮಾರು 20 ಲೀಟರಿನದು, ಇಬ್ಬರಿಗೆ ಎರಡು ಮೂರು ದಿನ. ಅದನ್ನು ಹಳ್ಳಕ್ಕೆ ಸುರಿಯುವ ಹಾಗಿಲ್ಲ. ಯಾರದೋ ಮನೆಯ ಪಾಯಿಖಾನೆ ಬೇಕು, ಕೇಳಲು ನಾಚಿಕೆ ಬಿಡಬೇಕು.

ಕರೆಂಟಿನ ಲೆಕ್ಕ ಮೇಷ್ಟ್ರಿಂದಲೇ ಮಾಡಿಸಿದೆ. 12 ವೋಲ್ಟಿನ, 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 2,400 ವ್ಯಾಟ್ ಅವರ್. ಲೆಡ್ ಆ್ಯಸಿಡ್ ಆದರೆ ಅರ್ಧ ಮಾತ್ರ ಬಳಸಬೇಕು, ಇಲ್ಲಾಂದ್ರೆ ಬೇಗ ಹಾಳಾಗುತ್ತದೆ. 750 ವ್ಯಾಟಿನ ಮಿಕ್ಸಿ ಹತ್ತು ನಿಮಿಷಕ್ಕೆ 125 ವ್ಯಾಟ್ ಅವರ್ ತಿನ್ನುತ್ತದೆ, ಇದು ಚಿಂತೆ ಇಲ್ಲ. ಇಂಡಕ್ಷನ್ ಒಲೆ ಒಂದು ಗಂಟೆಯೂ ಬಾಳದು. ಸೋಲಾರ್ ಇದೆಯಲ್ಲ ಅಂದರು. ಜುಲೈ ತಿಂಗಳಲ್ಲಿ ನಮ್ಮೂರ ಆಕಾಶ ನೋಡಿದವರು ಆ ಮಾತು ಹೇಳಬಾರದು.

ನಾನು ಗಾಡಿ ಮಾರುವವಳಲ್ಲ, ಮೆಕ್ಯಾನಿಕ್ಕೂ ಅಲ್ಲ. ಆದರೂ ನನ್ನ ಸಲಹೆ ನೇರವಾಗಿತ್ತು. ಟ್ರಾವೆಲರ್ ಅಳತೆಯ ಗಾಡಿ ನೋಡಿ, ಒಳಗೆ ತಲೆ ಬಗ್ಗಿಸದೆ ನಿಲ್ಲುವಂತಿರಬೇಕು. ಮಡಚದ ಹಾಸಿಗೆ ಇರಲಿ, ಎರಡೂ ಕಡೆಯಿಂದ ಇಳಿಯಲು ಬರಲಿ. ಛಾವಣಿಗೆ ಫ್ಯಾನ್ ಇರುವ ಕಿಂಡಿ ಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಹಾಗಾಗಿ ನೆಲಮಟ್ಟದಲ್ಲೂ ಒಂದು ತೂತು. ಪರಿವರ್ತನೆ ಮಾಡಿದ ಗಾಡಿಯಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಿ, ಇಲ್ಲದಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಕಾರಿನ ಲೈಸೆನ್ಸಿನಲ್ಲಿ 7,500 ಕೆಜಿವರೆಗೆ ಓಡಿಸಬಹುದು, ಆ ಭಯ ಬೇಡ. ಮನೆ ಬಾಡಿಗೆಗೆ ಕೊಡುವುದು ಒಂದು ವರ್ಷ ತಡೆಯಿರಿ. ಮತ್ತೆ, ಕೊಳ್ಳುವ ಮೊದಲು ಅಂಥದ್ದೇ ಗಾಡಿ ಬಾಡಿಗೆಗೆ ತಂದು ಪುನರ್ವಸು ಮಳೆಯಲ್ಲಿ ಹತ್ತು ದಿನ ನಿಮ್ಮ ಅಂಗಳದಲ್ಲೇ ನಿಲ್ಲಿಸಿ ಬದುಕಿ. ಮನೆ ಬೀಗದ ಕೀ ಮೈದುನನ ಹತ್ತಿರ ಇರಲಿ.

ಡಿಸೆಂಬರಿನಲ್ಲಿ ನೋಡೋಣ ಅಂದರು ಮೇಷ್ಟ್ರು. ಡಿಸೆಂಬರಿನಲ್ಲಿ ಮರದ ಕೆಳಗೂ ಸಂಸಾರ ಮಾಡಬಹುದು ಅಂದೆ.

ಮಾಡಿದರು. ಐದನೇ ರಾತ್ರಿ ಕೀ ಕೇಳಲು ಹೋದದ್ದು ಮೇಷ್ಟ್ರು. ತಗಡಿನ ಮೇಲೆ ಮಳೆಯ ಸದ್ದಿಗೆ ಅವರಿಗೆ ಒಂದು ಗಳಿಗೆಯೂ ನಿದ್ದೆ ಬಂದಿರಲಿಲ್ಲ. ಅಕ್ಕ ಹತ್ತೂ ದಿನ ಇದ್ದರು, ಕೊನೆಯ ಐದು ರಾತ್ರಿ ಒಬ್ಬರೇ. “ಬೆಳಿಗ್ಗೆ ಎದ್ದರೆ ಗುಡಿಸೋದು ಎರಡೇ ನಿಮಿಷ ಕಣಮ್ಮಾ. ನೆಂಟರು ಬಂದರೆ ಕೂರಿಸೋಕೆ ಜಾಗ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು!” ಸೀರೆ ಮಾತ್ರ ದಿನಾ ಮನೆ ಬಚ್ಚಲಲ್ಲೇ ಒಣಗಿಸಿದರಂತೆ, ಮೈದುನನಿಂದ ಕೀ ಇಸ್ಕೊಂಡು.

ಈಗ ಇಬ್ಬರೂ ಒಪ್ಪಿರುವುದು ಇಷ್ಟು. ದೀಪಾವಳಿ ಕಳೆದ ಮೇಲೆ ಗಾಡಿ, ಮುಂಗಾರು ಬರುವ ಮೊದಲು ಮನೆಗೆ. ಮನೆ ಬಾಡಿಗೆಗಿಲ್ಲ. ಕಳೆದ ವಾರ ಟ್ರಾವೆಲರ್ ನೋಡಲು ಹೋಗಿದ್ದರು. ಮೇಷ್ಟ್ರು ಇಂಜಿನ್ ನೋಡುತ್ತಿದ್ದಾಗ ಅಕ್ಕ ಒಳಗೆ ನಿಂತು, ಇಲ್ಲದ ದೋಸೆಯನ್ನು ಇಲ್ಲದ ಕಾವಲಿಯ ಮೇಲೆ ತಿರುವಿ ಹಾಕಿ ನೋಡಿದರಂತೆ. ಮೊಣಕೈ ಬಾಗಿಲಿಗೆ ತಾಗಿತಂತೆ. ಬೇರೆ ಗಾಡಿ ಹುಡುಕುತ್ತಿದ್ದಾರೆ.